ಓದಿ ತಿಳಿಸಿದ್ದೇನೆ

ಬೆಟಗೇರಿ
೧೩ ಜುಲೈ ೧೯೮೫

ತಾರಾ,

ನಸುಕಿನ ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಹಿತ್ತಲ ಬಾಗಿಲಿನ ಚಿಲಕವನ್ನು ಯಾರೋ ಮೂರು ಸಲ ಕುಟ್ಟಿದರು. ಎಚ್ಚರವಾಯಿತು ಅಂದರೆ ಸುಳ್ಳಾದೀತು. ಮಗನಿಗೆ ಎಂಟು ತಿಂಗಳು, ಹಲ್ಲು ಬರುತ್ತಿವೆ, ನಾನು ಪೂರ್ತಿ ನಿದ್ದೆ ಮಾಡಿದ ರಾತ್ರಿ ಯಾವುದೆಂದು ನೆನಪಿಲ್ಲ. ಕೂಸನ್ನು ಹೆಗಲಿಗೆ ಹಾಕಿಕೊಂಡು ಹೋಗಿ ಚಿಲಕ ತೆಗೆದೆ.

ಆರು ವರ್ಷದ ಮೇಲೆ ಬರೆಯುವವಳು ಮೊದಲು ಕ್ಷೇಮ ಕೇಳಬೇಕು. ಬಾಯಿ ಬರುತ್ತಿಲ್ಲ. ನಿನ್ನ ಆಫೀಸಿನ ವಿಳಾಸವನ್ನು ಹೋದ ವರ್ಷವೇ ಧಾರವಾಡದಲ್ಲಿ ನಿಮ್ಮ ತಾಯಿಯವರನ್ನು ಕೇಳಿ ಬರೆದುಕೊಂಡಿದ್ದೆ. ಅರಿಷಿಣ ಕುಂಕುಮದ ಡಬ್ಬಿಯ ತಳದಲ್ಲಿತ್ತು. ಇವತ್ತು ತೆಗೆದೆ, ನನ್ನ ಗರಜಿಗೆ.

ಬಾಗಿಲಲ್ಲಿ ಸಾವಕ್ಕ ನಿಂತಿದ್ದಳು. ದಿನಾ ಬಂದು ನನ್ನ ಗೋಪಾಲನಿಗೆ ಎಣ್ಣೆ ತಿಕ್ಕಿ ಎರೆಯುವವಳು. ಅವಳ ಗಂಡ ಕಳಕಪ್ಪ ಗದಗಿನ ಹತ್ತಿ ಮಾರುಕಟ್ಟೆಯಲ್ಲಿ ಹಮಾಲ. ಮುಂಡರಗಿ ಕಡೆಯ ಡೋಣಿಯವರು, ನಮ್ಮ ಹಿತ್ತಲಿಗೆ ಹತ್ತಿದ ಖೋಲಿಯಲ್ಲಿ ಇದ್ದಾರೆ. ಮೂರು ವರ್ಷದ ಮಗಳನ್ನು ಹೆಗಲಿಗೆ ಹಾಕಿಕೊಂಡು, ಸೆರಗಿನಲ್ಲಿ ಗಂಡ ಮನೆಯಲ್ಲಿಟ್ಟುಹೋದ ನಕಲು ಕಾಗದಗಳ ಸುರುಳಿ ಹಿಡಿದುಕೊಂಡು ಬಂದಿದ್ದಳು.

"ಅಕ್ಕಾರ, ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಗಟ್ಟಿಮುಟ್ಟ ಇದ್ದಾಂವ ಕೆಲಸಕ್ಕಂತ ಹೋದ್ರ, ಮೊದಲ ಹದಿನೈದ ದಿವಸ ದವಾಖಾನ್ಯಾಗ ಯಾಕ ಮಲಗಬೇಕ್ರಿ?"

ಕಳಕಪ್ಪ ನಿನ್ನೆ ರಾತ್ರಿಯ ಗಾಡಿಗೆ ಮುಂಬೈಗೆ ಹೋದ. ಲಕ್ಷ್ಮೇಶ್ವರದ ಒಬ್ಬ ಏಜಂಟ ಕೊಲ್ಲಿ ದೇಶದ ಒಬ್ಬ ಶ್ರೀಮಂತರ ಮನೆಯಲ್ಲಿ ತೋಟಗಾರನ ಕೆಲಸ ಕೊಡಿಸಿದ್ದಾನೆ. ಕಳಕಪ್ಪ ಸಂಭ್ರಮದಿಂದ ಹೇಳಿಕೊಂಡು ತಿರುಗಿದ್ದ: "ಗಿಡಕ್ಕ ನೀರ ಬಿಡೂದ್ರಿ, ಅಷ್ಟ. ಬೆನ್ನ ಮ್ಯಾಲ ಏನೂ ಇರೂದಿಲ್ಲ." ಗಾಡಿ ಹತ್ತುವಾಗ ಹೆಂಡತಿಗೆ ಈ ದವಾಖಾನೆಯ ಮಾತು ಅಂದಿದ್ದಾನೆ. ಹುಬ್ಬಳ್ಳಿಯಲ್ಲಿ ಮೂರು ಸಲ ರಕ್ತ ತೆಗೆದರಂತೆ. ಹೊಟ್ಟೆಯ ಫೋಟೊ ತೆಗೆದರಂತೆ. ಗಿಡಕ್ಕೆ ನೀರು ಬಿಡಲು ಹೊಟ್ಟೆಯ ಫೋಟೊ ಯಾಕೆ ಎಂದು ಸಾವಕ್ಕ ರಾತ್ರಿಯೆಲ್ಲ ಕುಳಿತು ಯೋಚಿಸಿದ್ದಾಳೆ. ಬಿ.ಎ. ಮಾಡಿದ ನನಗೆ ಹೊಳೆಯಬೇಕಾದದ್ದು ಅವಳಿಗೆ ಹೊಳೆಯಿತು.

ಕಂದೀಲು ಹಚ್ಚಿ ಕಾಗದ ಬಿಚ್ಚಿದೆ. ಇಂಗ್ಲಿಷಿನ ಮೂರು ಹಾಳೆ. ಮೊದಲನೆಯದು ತೋಟಗಾರನ ಕರಾರು. ಕರಾರುಗಳು ಯಾವಾಗಲೂ ಮೂರು ಪ್ರತಿ ಬರುತ್ತವಲ್ಲ, ಹಿಂದಿನ ಎರಡೂ ಕಾರ್ಬನ್ ಪ್ರತಿ ಅನ್ನಿಸುವ ಹಾಗೆ ಮಸುಕು ನೀಲಿಯಲ್ಲಿ ಟೈಪಾಗಿವೆ. ಅವು ಪ್ರತಿ ಅಲ್ಲ. "ನನ್ನ ಎಡಗಡೆಯ ಮೂತ್ರಪಿಂಡವನ್ನು ಯಜಮಾನರ ಕುಟುಂಬದ ರೋಗಿಗೆ ಸ್ವಸಂತೋಷದಿಂದ ಕೊಡುತ್ತೇನೆ. ಇದಕ್ಕೆ ಯಾವ ಪ್ರತಿಫಲವನ್ನೂ ಕೇಳುವುದಿಲ್ಲ." ಕೆಳಗೆ ಕಳಕಪ್ಪನ ಹೆಬ್ಬೆಟ್ಟು. ಓದಿ ತಿಳಿಸಿದವರ ಸಹಿಯೂ ಇದೆ.

ಸಾವಕ್ಕನಿಗೆ ಹೇಗೆ ಹೇಳಲಿ? ಗೋಪಾಲನನ್ನು ಬೋರಲು ಮಲಗಿಸಿ, ಅವನ ಸೊಂಟದ ಮೇಲೆ ಬೆರಳಿಟ್ಟು ತೋರಿಸಿದೆ. ಅವಳು ಆ ಜಾಗವನ್ನು ತಾನೂ ಮುಟ್ಟಿ ನೋಡಿದಳು. "ಕುರಿ ಕೊಯ್ದಾಗ ನೋಡೇನ್ರಿ. ಜೋಡಿ ಇರ್ತಾವ" ಅಂದಳು. ಆಮೇಲೆ, "ಜೀವಂತ ಇದ್ದಾಗನ ತಗೀತಾರೇನ್ರೀ?"

ಅಷ್ಟರಲ್ಲಿ ನಮ್ಮ ಅತ್ತೆ ಸರಸ್ವತಿಬಾಯಿಯವರು ಎದ್ದು ಬಂದರು. "ಕೋಳಿ ಕೂಗೋಕಿಂತ ಮೊದಲಽ ಊರ ಮಂದಿ ಕಾಗದ ಓದಲಿಕ್ಕೆ ಕೂತಿಯೇನವಾ? ನಿನಗ ಪಗಾರ ಯಾರು ಕೊಡತಾರ?"

ದುಡಿಯಲು ಹೊರದೇಶಕ್ಕೆ ಹೋಗುವವರ ಕಾಗದ ನೋಡಿ ಒಪ್ಪಿಗೆ ಕೊಡುವ ಸರಕಾರಿ ಆಫೀಸು ನಿನ್ನದು ಎಂದು ನಿಮ್ಮ ತಾಯಿ ಹೇಳಿದ್ದರು. ಕಳಕಪ್ಪ ಡೋಣಿ, ವಯಸ್ಸು ಮೂವತ್ತು. ಅವನ ಕಾಗದ ನಿಮ್ಮಲ್ಲಿಗೆ ಬಂದೇ ಬರುತ್ತದೆ. ತಡೆ ತಾರಾ. ಇಷ್ಟೇ ಕೇಳುವುದು.

ಕಮಲಾ
(ಈಗ ಕಮಲಾ ಗ್ರಾಮಪುರೋಹಿತ)

*

ಮುಂಬೈ
೨೨ ಜುಲೈ ೧೯೮೫

ಕಮಲಾ,

ಕಾಗದ ತಲುಪಿತು. ನಿನ್ನ ಅಕ್ಷರ ಬದಲಾಗಿಲ್ಲ.

ನಾನು ಇಲ್ಲಿ ಸಾಹೇಬಳಲ್ಲ, ಮೂರನೇ ಕೌಂಟರಿನ ಗುಮಾಸ್ತೆ. ತಡೆ ಅಂದರೆ ತಡೆಯಲಾಗುವುದಿಲ್ಲ. ನಮ್ಮ ದೇಶದಲ್ಲಿ ಇದನ್ನು ಅಪರಾಧ ಅನ್ನುವ ಕಾನೂನು ಇನ್ನೂ ಬಂದಿಲ್ಲ. ಕೆಲಸದ ಕರಾರು ಸುಳ್ಳು ಎಂದು ತೋರಿಸಿದರೆ ಮಾತ್ರ ನಮ್ಮ ಆಫೀಸು ಒಪ್ಪಿಗೆ ನಿಲ್ಲಿಸಬಹುದು.

ಆದರೆ ನೀನು ಬರೆದದ್ದು ನಮಗೆ ಹೊಸದೂ ಅಲ್ಲ. ಮಾರ್ಚಿನಲ್ಲಿ ಒಬ್ಬ ವಾಪಸ್ಸು ಬಂದ. ಕಾವಲುಗಾರನಾಗಿ ಹೋದವನು. ಕೌಂಟರಿನ ಮುಂದೆ ಅಂಗಿ ಎತ್ತಿ ತೋರಿಸಿದ, ಬೆನ್ನಿನಿಂದ ಹೊಕ್ಕುಳ ತನಕ ಹೊಲಿಗೆ. ಎಚ್ಚರ ತಪ್ಪಿಸಿ, ಮತ್ತೆ ಎಬ್ಬಿಸುವ ತನಕ ಅವನಿಗೆ ಏನೂ ಗೊತ್ತಿರಲಿಲ್ಲವಂತೆ. ಅಂದಿನಿಂದ ನಮ್ಮ ಸಾಹೇಬರು ಇದನ್ನೇ ಹಿಡಿದಿದ್ದಾರೆ. ತೋಟಗಾರ, ಕಾವಲುಗಾರ ಎಂದು ಬಂದ ಫೈಲಿನಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ರಕ್ತಪರೀಕ್ಷೆ ಕಂಡರೆ ಬೇರೆ ಇಡುತ್ತೇವೆ. ಸಾಹೇಬರು ದಿಲ್ಲಿಗೆ ಬರೆದರು. ದಿಲ್ಲಿಯವರು ಆ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಗೆ ಬರೆದರು. ಅವರು ಅಲ್ಲಿನ ಸರಕಾರವನ್ನು ಕೇಳಿದರು. ತಿರುಗಿ ಬಂದ ಪ್ರಶ್ನೆ ಒಂದೇ: "ಓದಿಸಿ ಕೇಳಿ ಒಪ್ಪಿದ್ದಾನೆಂದು ಕಾಗದವಿದೆ. ಬಲವಂತ ಎಲ್ಲಿದೆ?"

ಪಾಸ್‌ಪೋರ್ಟಿನ ನಂಬರು ಕಳಿಸು. ಅವನು ಇಳಿದುಕೊಂಡ ಜಾಗ ಗೊತ್ತಿದ್ದರೆ ಅದೂ ಬೇಕು.

ಓದಿ ತಿಳಿಸಿದವರು ಯಾರು? ಅದನ್ನು ನೀನು ಬರೆದಿಲ್ಲ.

ತಾರಾ

ಹಲ್ಲು ಬರುವ ಕೂಸಿಗೆ ನಿಮ್ಮ ಕಡೆ ಬಜೆ ತೇಯ್ದು ನೆಕ್ಕಿಸುತ್ತಾರಲ್ಲ? ನನಗೇನು ಗೊತ್ತು, ಸುಮ್ಮನೆ ಕೇಳಿದೆ.

*

ಬೆಟಗೇರಿ
೩೦ ಜುಲೈ ೧೯೮೫

ತಾರಾ,

ಪಾಸ್‌ಪೋರ್ಟಿನ ನಂಬರು ಬೇರೆ ಚೀಟಿಯಲ್ಲಿದೆ. ಮಸ್ಜಿದ ಬಂದರದ ಹತ್ತಿರ ಒಂದು ಖೋಲಿಯಲ್ಲಿ ಹದಿನಾಲ್ಕು ಜನರನ್ನು ಇಟ್ಟಿದ್ದಾರಂತೆ. ವೀಸಾ ಬರುವ ತನಕ ಅಲ್ಲೇ. ವಿಳಾಸವನ್ನು ಹಮಾಲರ ಜಮಾದಾರ ಫಕ್ರುಸಾಬ ತಂದುಕೊಟ್ಟ. ಕಳಕಪ್ಪನಿಗೆ ಚೀಲ ಎತ್ತುವುದನ್ನು ಕಲಿಸಿದವನು ಅವನೇ. ಅಂಗಳದಲ್ಲಿ ನಿಂತು ಬೈದ: "ಲೇ, ಬೆನ್ನ ಸವದ್ರ ಸವೀಲಿ, ಬೆನ್ನ ನಿಂದರ ಇರತದಲ್ಲೋ ಅಂತ ಹೇಳಿದ್ನಿರೀ. ಕೇಳಲಿಲ್ಲ ಮಗ." ಬೈದು ಕಣ್ಣು ಒರೆಸಿಕೊಂಡ.

ಬಜೆ ನೆಕ್ಕಿಸಿದೆ. ಎರಡು ತಾಸು ಮಲಗಿದ. ನಾನು ಮಲಗಲಿಲ್ಲ. ಈಗೀಗ ರಾತ್ರಿ ಅವನ ಸೊಂಟದ ಮೇಲೆ ಅಂಗೈ ಇಟ್ಟುಕೊಂಡು ಕೂರುತ್ತೇನೆ. ಎರಡೂ ಕಡೆಗೆ ನನ್ನ ಒಂದೇ ಅಂಗೈ ಸಾಕಾಗುತ್ತದೆ. ಉಸಿರಿಗೆ ಅದು ಏಳುತ್ತದೆ, ಇಳಿಯುತ್ತದೆ.

ಉಳಿದದ್ದು ಮುಂದೆ ಬರೆದೇನು.

ಕಮಲಾ

*

ಮುಂಬೈ
೯ ಆಗಸ್ಟ್ ೧೯೮೫

ಕಮಲಾ,

ಫೈಲು ನನ್ನ ಮೇಜಿಗೇ ಬಂತು.

ಮೂರನೆಯ ಹಾಳೆಯ ಕೆಳಗೆ, "ಮೇಲಿನದನ್ನೆಲ್ಲ ಸಹಿದಾರನಿಗೆ ಕನ್ನಡದಲ್ಲಿ ಓದಿ ತಿಳಿಸಿದ್ದೇನೆ" ಎಂದು ಟೈಪಾಗಿದೆ. ಅದರ ಕೆಳಗೆ ಸಹಿ. ಸಂಬಂಧ ಎಂಬ ಕಡೆ "ತಂಗಿ" ಎಂದಿದೆ. ಹೆಸರು ಓದುವುದಕ್ಕೆ ಮೊದಲೇ ನನಗೆ ತಿಳಿಯಿತು. ಹಾಸ್ಟೆಲಿನ ಊಟದ ಪುಸ್ತಕದಲ್ಲಿ ನಾಲ್ಕು ವರ್ಷ ಆ ಸಹಿ ನನ್ನ ಸಹಿಯ ಮೇಲಿನ ಸಾಲಿನಲ್ಲಿತ್ತು. ಕೊನೆಯ ಅಕ್ಷರದ ಬಾಲವನ್ನು ನೀನು ನನ್ನ ಸಾಲಿನೊಳಗೆ ಇಳಿಬಿಡುತ್ತಿದ್ದೆ, ನಾನು ಜಗಳಾಡುತ್ತಿದ್ದೆ.

ನಿನಗೆ ಅಣ್ಣತಮ್ಮಂದಿರಿಲ್ಲ.

ಸಾಹೇಬರು ನನ್ನ ಮುಂದೆಯೇ ಅಂದರು, "ಇದು ಗಟ್ಟಿ ಕಾಗದ. ಓದಿದ ಹೆಣ್ಣುಮಗಳು, ಸ್ವಂತ ತಂಗಿ, ಓದಿ ತಿಳಿಸಿದ್ದಾಳೆ. ಇದನ್ನು ಹೇಗೆ ಸುಳ್ಳು ಅನ್ನಲಿ?" ಆ ಸಹಿಯವಳು ನನಗೆ ಗೊತ್ತು, ಅವನ ತಂಗಿಯಲ್ಲ ಎಂದು ನಾನು ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ ನನಗೂ ತಿಳಿಯದು. ನಿನಗಾಗಿ ಸುಮ್ಮನಿರುವ ಅಭ್ಯಾಸ ತಪ್ಪಿ ಬಹಳ ವರ್ಷವಾಗಿತ್ತು.

ಒಟ್ಟಿಗೆ ಪರೀಕ್ಷೆ ಕಟ್ಟಿ, ಒಟ್ಟಿಗೆ ನೌಕರಿ ಸಿಕ್ಕು, ಒಂದೇ ಗಾಡಿಗೆ ಇಲ್ಲಿಗೆ ಬರುವವರಿದ್ದೆವು. ಹುಬ್ಬಳ್ಳಿಯಲ್ಲಿ ನಿನ್ನ ಸೀಟಿನ ಮೇಲೆ ನನ್ನ ಟ್ರಂಕು ಇಟ್ಟಿದ್ದೆ, ಬೇರೆ ಯಾರೂ ಕೂರದಿರಲಿ ಎಂದು. ಮಿರಜ ದಾಟುವ ತನಕ ಅದನ್ನು ತೆಗೆಯಲಿಲ್ಲ. ಅದಕ್ಕೆ ನಾನು ಈಗ ಉತ್ತರ ಕೇಳುತ್ತಿಲ್ಲ. ಇದಕ್ಕೆ ಕೇಳುತ್ತಿದ್ದೇನೆ. ಏನಾಯಿತು?

ತಾರಾ

*

ಬೆಟಗೇರಿ
೧೭ ಆಗಸ್ಟ್ ೧೯೮೫

ತಾರಾ,

ಓದಲಿಲ್ಲ. ಅದೇ ಆದದ್ದು.

ಈ ಓಣಿಯಲ್ಲಿ ಇಂಗ್ಲಿಷ್ ಕಾಗದ ಓದುವವಳು ನಾನೊಬ್ಬಳೇ. ಬ್ಯಾಂಕಿನದು, ಕೋರ್ಟಿನದು, ದವಾಖಾನೆಯದು ಎಲ್ಲ ನಮ್ಮ ಪಡಸಾಲೆಗೇ ಬರುತ್ತವೆ. ನಾನು ಓದಿ ಹೇಳುತ್ತೇನೆ, ಅವರು ಹೆಬ್ಬೆಟ್ಟು ಒತ್ತುತ್ತಾರೆ, ಕೆಳಗೆ ನಾನು ಸಹಿ ಹಾಕುತ್ತೇನೆ. ಮದುವೆಯಾದ ಮೇಲೆ ನನ್ನ ಓದು ಉಪಯೋಗಕ್ಕೆ ಬಂದದ್ದು ಅಷ್ಟರಲ್ಲೇ. ಅದರ ಹೆಮ್ಮೆಯೂ ಇತ್ತು ಅನ್ನು.

ಜೂನ್ ತಿಂಗಳು. ಗೋಪಾಲನಿಗೆ ಮೂರು ದಿನದಿಂದ ಜ್ವರ. ಹೆಗಲ ಮೇಲೆ ಹಾಕಿಕೊಂಡು ತಟ್ಟುತ್ತಿದ್ದೆ, ಕೂಸು ಕಿರುಚುತ್ತಿತ್ತು, ಕಣ್ಣ ಮುಂದೆ ಅಕ್ಷರ ತೇಲುತ್ತಿದ್ದವು. ಕಳಕಪ್ಪ ಕಟ್ಟೆಯ ಕೆಳಗೆ ನಿಂತಿದ್ದ. ಮೊದಲ ಹಾಳೆ ಪೂರ್ತಿ ಓದಿ ಹೇಳಿದೆ. ಹಿಂದಿನ ಎರಡೂ ಕಾರ್ಬನ್ ಪ್ರತಿ ಎಂದುಕೊಂಡೆ. ಮೂರು ಪ್ರತಿ ಇರುತ್ತವೆ ಎಂದು ಕಲಿತವಳಿಗೇ ಅಂಥ ತಪ್ಪು ಆಗುತ್ತದೆ. ಓದು ಬಾರದವರಾಗಿದ್ದರೆ ಮೂರೂ ಹಾಳೆ ಬೇರೆಯವರಿಂದ ಓದಿಸಿಕೊಳ್ಳುತ್ತಿದ್ದರು.

"ಮುಗೀತೇನ್ರಿ ಅಕ್ಕಾರ?" ಅಂದ.

"ಮುಗೀತೋ ಮಾರಾಯಾ, ಒತ್ತು" ಅಂದೆ. ಒತ್ತಿದ.

ತಂಗಿ ಎಂದು ಯಾಕೆ ಬರೆದೆ ಅಂದರೆ, ಹೋದ ವರ್ಷದ ಪಂಚಮಿಯ ಮಾತು. ನಾನು ಆರು ತಿಂಗಳ ಬಸುರಿ. ಓಣಿಯ ಹುಡುಗಿಯರಿಗೆಲ್ಲ ಅಣ್ಣಂದಿರು ಬಂದು ಜೋಕಾಲಿ ಕಟ್ಟುತ್ತಿದ್ದರು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಮಧ್ಯಾಹ್ನ ಕಳಕಪ್ಪ ಮಾರುಕಟ್ಟೆಯ ಹಗ್ಗ ಹೆಗಲಿಗೆ ಹಾಕಿಕೊಂಡು ಬಂದು, ನಮ್ಮ ಹಿತ್ತಲ ಬೇವಿನ ಗಿಡ ಹತ್ತಿದ. ಅತ್ತೆ ಕೂಗಿಕೊಂಡರು, "ಅಯ್ಯ, ಬಸುರಿ ಹೆಂಗಸು ಜೋಕಾಲಿ ಆಡತಾಳೇನೋ?"

"ಆಡೂದ ಬ್ಯಾಡ್ರಿ. ಕುಂಡ್ರಲಿ, ಸಾಕು. ಅಣ್ಣಾ ಇಲ್ಲದವ್ರಿಗೆ ಯಾರ ಕಟ್ಟಬೇಕ್ರಿ ಮತ್ತ? ಮುನಸಿಪಾಲ್ಟ್ಯಾವ್ರು ಬರ್ತಾರೇನ?"

ಅತ್ತೆಯೂ ನಕ್ಕುಬಿಟ್ಟರು. ನಾನು ಜೋಕಾಲಿಯ ಮೇಲೆ ಕುಳಿತೆ. ಅವನು ಎರಡು ಶೇಂಗಾ ಉಂಡಿ ಈಸಿಕೊಂಡು ತಿನ್ನುತ್ತ ಹೋದ. ಅದಕ್ಕೇ ಕಾಗದದಲ್ಲಿ ಸಂಬಂಧ ಎಂದು ಕೇಳಿದ ಕಡೆ, ಒಂದು ಕ್ಷಣವೂ ಯೋಚಿಸದೆ ಬರೆದೆ. ಪ್ರೀತಿಗೆ ಬರೆದ ಆ ಒಂದು ಶಬ್ದದಿಂದ ಕಾಗದ ಗಟ್ಟಿಯಾಯಿತು ಅನ್ನುತ್ತೀ.

ಮೊದಲ ಕಾಗದದಲ್ಲಿ ನಿನಗೆ ಇದನ್ನು ಹೇಳಬೇಕಿತ್ತು. ನೀನು ಕಾಗದ ಮಡಚಿ ಇಟ್ಟುಬಿಡುತ್ತೀ ಎಂದು ಹೆದರಿದೆ. ಸಾವಕ್ಕನಿಗೂ ಹೇಳಿಲ್ಲ. ಅವಳು ದಿನಾ ಬರುತ್ತಾಳೆ, ನನ್ನ ಮಗನಿಗೆ ಬಿಸಿನೀರು ಹಾಕುತ್ತಾಳೆ, ಅವನ ಸೊಂಟವನ್ನು ಇನ್ನೂ ಮೆತ್ತಗೆ ತಿಕ್ಕುತ್ತಾಳೆ.

ಕಳಕಪ್ಪನಿಗೆ ಖೋಲಿಯ ವಿಳಾಸಕ್ಕೆ ಕಾಗದ ಹಾಕಿದ್ದೇನೆ. ಎಲ್ಲ ಬಿಡಿಸಿ ಬರೆದಿದ್ದೇನೆ. ನೀನೂ ಒಮ್ಮೆ ಅವನನ್ನು ಕಂಡು ಹೇಳುವೆಯಾ? ಈ ವರ್ಷ ಅಧಿಕಮಾಸ ಬಂದು ಪಂಚಮಿ ತಡ. ಬರುವ ವಾರ ಹಬ್ಬ.

ಕಮಲಾ

*

ಮುಂಬೈ
೨೬ ಆಗಸ್ಟ್ ೧೯೮೫

ಕಮಲಾ,

ಮಡಚಿ ಇಡಲಿಲ್ಲ.

ನಿನ್ನೆ ರವಿವಾರ ಆ ಖೋಲಿಗೆ ಹೋಗಿ ಬಂದೆ. ನಾನಿರುವ ನೌಕರಿಯ ಹೆಣ್ಣುಮಕ್ಕಳ ಹಾಸ್ಟೆಲಿನಿಂದ ಬಹಳ ದೂರವಿಲ್ಲ, ಅದರ ವಿಳಾಸವನ್ನು ಲಕೋಟೆಯ ಮೇಲೆ ಬರೆದಿದ್ದೇನೆ, ಫೋನು ಮಾತ್ರ ಇಲ್ಲ. ನಿನ್ನ ಕಳಕಪ್ಪ ಬಾಗಿಲಲ್ಲಿ ಕುಳಿತು ಉಳ್ಳಾಗಡ್ಡಿ ಹೆಚ್ಚುತ್ತಿದ್ದ. ಧಾರವಾಡದ ಮಾತು ಕೇಳಿ ಅವನಿಗೆ ಬಹಳ ಖುಷಿಯಾಯಿತು. "ಇಲ್ಲಿ ನಮ್ಮ ಗುಡ್ಡದಷ್ಟ ಎತ್ತರ ಮನಿ ಅದಾವ್ರಿ, ಒಂದರಾಗೂ ಗಾಳಿ ಆಡೂದಿಲ್ಲ" ಅಂದ. ವಿಷಯ ತೆಗೆದೆ. ಮೊದಲು ನಕ್ಕ.

"ಹೊಟ್ಟ್ಯಾಗಿಂದ ತಗೀತಾರಂತ? ನಾ ಏನ್ ಹತ್ತಿ ಅಂಡಗಿ ಏನ್ರಿ ಬಾಯಾರ, ಬಿಚ್ಚಿ ತಗದ ಮತ್ತ ಹೊಲ್ಯಾಕ?"

ಕಾಗದದಲ್ಲಿ ಹಾಗೇ ಇದೆ ಅಂದೆ.

ಆಗ ಅವನ ಮುಖ ಬಿಗಿಯಿತು. "ನಮ್ಮ ಅಕ್ಕಾರು ಓದಿ ಹೇಳ್ಯಾರ್ರಿ. ಬಿ.ಎ. ಆಗ್ಯಾರ. ನೀವ್ಯಾರು?"

ಅವರೇ ನನ್ನನ್ನು ಕಳಿಸಿದ್ದಾರೆ ಅಂದೆ. ಅಂಗಿಯ ಕಿಸೆಯಿಂದ ನಿನ್ನ ಕಾಗದ ತೆಗೆದ. ಏಜಂಟನ ಕಡೆಯ ಗುಮಾಸ್ತನೊಬ್ಬ ಅಲ್ಲಿರುತ್ತಾನೆ, ಹದಿನಾಲ್ಕೂ ಜನರ ಕಾಗದ ಓದಿ ಹೇಳುವವನು ಅವನೇ. "ಎಲ್ಲಾರೂ ಆರಾಮ ಅದೀವಿ, ಮಗಳು ನೆನಸತಾಳ, ಧೈರ್ಯಲೆ ಹೋಗಿ ಬಾ" ಎಂದು ಬರೆದಿದೆಯಂತೆ. ನಾನು ಕೈಗೆ ತೆಗೆದುಕೊಂಡು ಸರಿಯಾಗಿ ಓದಲು ಶುರು ಮಾಡಿದೆ. ನಾಲ್ಕು ಸಾಲಾಗುವುದರೊಳಗೆ ಕಸಿದುಕೊಂಡ. ಸರಕಾರಿ ಬಾಯಿ ಬಂದು ಹೆದರಿಸಿ ಲಂಚ ಕೇಳುತ್ತಾಳೆಂದು ಅವನಿಗೆ ಮೊದಲೇ ಹೇಳಿಟ್ಟಿದ್ದಾರೆ.

ನೀನು ಓದಿ ಹೇಳಿದ್ದೀ ಎಂಬ ನಂಬಿಕೆಯ ಮುಂದೆ ನನ್ನ ಮಾತು ನಿಲ್ಲುವುದಿಲ್ಲ ಕಮಲಾ. ಅವನು ನನ್ನನ್ನು ನಂಬದ್ದಕ್ಕೆ ಸಿಟ್ಟು ಬರಲಿಲ್ಲ. ನಿನ್ನನ್ನು ಹಾಗೆ ನಂಬುವುದು ಹೇಗಿರುತ್ತದೆಂದು ನನಗೂ ಗೊತ್ತು.

ಈಗ ಉಳಿದದ್ದು ಒಂದೇ ದಾರಿ. ಸಾಹೇಬರಿಗೆ ಎಲ್ಲ ಹೇಳಿದೆ. "ಆಕೆ ತಂಗಿಯಲ್ಲ, ಓದಿ ತಿಳಿಸಿಲ್ಲ ಎಂದು ತಾನೇ ಛಾಪಾ ಕಾಗದದ ಮೇಲೆ ಬರೆದುಕೊಟ್ಟರೆ ಈ ಕ್ಷಣ ಫೈಲು ನಿಲ್ಲಿಸುತ್ತೇನೆ. ದಿಲ್ಲಿಗೂ ಕಳಿಸುತ್ತೇನೆ. 'ಬಲವಂತ ಎಲ್ಲಿದೆ' ಅನ್ನುವವರಿಗೆ ಇದೇ ಉತ್ತರ" ಅಂದರು. ಆದರೆ ನಿನಗೆ ಇದನ್ನೂ ಹೇಳಲೇಬೇಕು. ಸುಳ್ಳು ಸಂಬಂಧ ಬರೆದು ಸಹಿ ಮಾಡಿದೆನೆಂದು ಬರೆದುಕೊಟ್ಟವರನ್ನು ಪೊಲೀಸರು ಕೇಳಬಹುದು, ಕೋರ್ಟಿಗೂ ಕರೆಯಬಹುದು.

ಮನೆಯಲ್ಲಿ ಕೇಳಿ ಬರೆ. ಕೂಸಿನ ತಾಯಿ ನೀನು. ನಾನು ಒತ್ತಾಯ ಮಾಡುವುದಿಲ್ಲ.

ತಾರಾ

*

ಬೆಟಗೇರಿ
೯ ಸೆಪ್ಟೆಂಬರ್ ೧೯೮೫

ತಾರಾ,

ಇದರ ಜೊತೆ ಛಾಪಾ ಕಾಗದ ಇದೆ.

ಇವರು ಶಿರಹಟ್ಟಿಯ ತಾಲೂಕು ಕಚೇರಿಯಲ್ಲಿದ್ದಾರೆ, ಶನಿವಾರ ಬರುತ್ತಾರೆ. ಬಂದ ರಾತ್ರಿಯೇ ಹೇಳಿದೆ. ಊಟದ ತಾಟಿನ ಮುಂದೆ ಕೈ ತೊಳೆಯದೆ ಕುಳಿತರು. "ಓದದಽ ಸಹಿ ಮಾಡೀನಿ ಅಂತ ನೀನಽ ಬರದುಕೊಡತೀ? ನಾ ಸರಕಾರಿ ನೌಕರ. ನಾಳೆ ಕೋರ್ಟಿನ್ಯಾಗ ನಿನ್ನ ಹೆಸರು ಕೂಗಿದರ? ಆ ಕೂಸಿನ ಮಾರಿ ನೋಡು, ಸುಮ್ಮನಿರು."

ಅತ್ತೆ ಒಳಗಿನಿಂದ, "ಊರ ಮಂದಿ ಕಾಗದ ಓದಬ್ಯಾಡ ಅಂತ ನಾ ಆಗಽ ಅಂದಿದ್ದೆ" ಅಂದರು.

ಕೂಸಿನ ಮಾರಿ ನೋಡಿದೆ. ಅದನ್ನು ನೋಡಿಯೇ ಸುಮ್ಮನಿರಲು ಆಗಲಿಲ್ಲ. ಮರುದಿನ ಸಾವಕ್ಕ ಬಂದಾಗ ಗೋಪಾಲನನ್ನು ಅವಳ ಕೈಗೆ ಕೊಡುವ ಮೊದಲು ಹೇಳಿದೆ. ನಿನ್ನ ಗಂಡನ ಕಾಗದದ ಮೇಲಿನ ಸಹಿ ನನ್ನದು, ನಾನು ಮೊದಲ ಹಾಳೆ ಮಾತ್ರ ಓದಿದ್ದೆ.

ಅವಳು ಎಣ್ಣೆಯ ಬಟ್ಟಲು ಕೆಳಗಿಟ್ಟು ಹೊರಗೆ ಹೋದಳು. ಎರಡು ದಿನ ಬರಲಿಲ್ಲ. ನಾನೇ ಎರೆದೆ, ಕೂಸು ಅತ್ತುಕೊಂಡು ಸಾಕು ಮಾಡಿತು. ಮೂರನೆಯ ದಿನ ಬಂದಳು. ನನ್ನ ಕಡೆ ನೋಡದೆ ಕಾಲು ಚಾಚಿ ಕುಳಿತು, ಕೂಸನ್ನು ಈಸಿಕೊಂಡಳು. ಅರ್ಧ ಎರೆದ ಮೇಲೆ ಅಂದಳು:

"ನೀವ ಬ್ಯಾರೆದವರಾಗಿದ್ರ ಬೈದ ಹೋಗಿಬಿಡ್ತಿದ್ನಿ. ಏನ್ ಮಾಡೂದದರಿ ಈಗ, ಅದನ್ನ ಹೇಳ್ರಿ."

ಮುಂದಿನ ಶನಿವಾರ ಇವರು ಬಂದರು. ಚೀಲದಿಂದ ಶಿರಹಟ್ಟಿಯ ಬದನೆಕಾಯಿ ತೆಗೆದಿಟ್ಟರು, ಕೂಸಿನ ಗಿಲಕಿ ತೆಗೆದಿಟ್ಟರು, ತಳದಲ್ಲಿ ಎರಡು ಛಾಪಾ ಕಾಗದ. "ಒಂದರ ಮ್ಯಾಲೆ ತಪ್ಪಾದರ ಇನ್ನೊಂದು ಇರಲಿ" ಅಂದರು. ಅಷ್ಟೇ. ನಾನು ಬರೆದೆ. ಅವರು ಕಂದೀಲು ಹಿಡಿದು ಪಕ್ಕದಲ್ಲಿ ನಿಂತಿದ್ದರು. ಈ ಸಲ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿಸಿದರು.

ಪೊಲೀಸರು ಬಂದರೆ ಬರಲಿ. ಫೈಲು ನಿಂತದ್ದು ತಿಳಿಸು.

ಕಮಲಾ

*

ಮುಂಬೈ
೧೯ ಸೆಪ್ಟೆಂಬರ್ ೧೯೮೫

ಪ್ರಿಯ ಕಮಲಾ,

ನಿಂತಿತು. ನಿನ್ನ ಕಾಗದ ಬಂದ ಮಧ್ಯಾಹ್ನವೇ ಸಾಹೇಬರು ಕೆಂಪು ಶಾಯಿಯಲ್ಲಿ ಬರೆದರು. ಅದೇ ಏಜಂಟನ ಇನ್ನೂ ಹನ್ನೊಂದು ಫೈಲು ಬೇರೆಬೇರೆ ಕೌಂಟರಿನಿಂದ ತರಿಸಿದೆವು. ಎಲ್ಲದರಲ್ಲೂ ಹಿಂದಿನ ಎರಡು ಹಾಳೆ ಮಸುಕು ನೀಲಿ. ಹನ್ನೊಂದೂ ನಿಂತವು. ನಿನ್ನ ಹೇಳಿಕೆಯ ನಕಲು ದಿಲ್ಲಿಗೆ ಹೋಗಿದೆ, ಅಲ್ಲಿಂದ ರಾಯಭಾರ ಕಚೇರಿಗೆ. ಆ ಹಾಳೆಯನ್ನು ಮುಂದಿಟ್ಟು ಮತ್ತೆ ಆ ಸರಕಾರವನ್ನು ಕೇಳುತ್ತಾರಂತೆ. ಸಾಹೇಬರು ನಿನಗೆ ನಮಸ್ಕಾರ ಹೇಳಿದ್ದಾರೆ. ನಿನ್ನನ್ನು ಆರೋಪಿಯನ್ನಾಗಿ ಅಲ್ಲ, ಸಾಕ್ಷಿಯನ್ನಾಗಿ ಇಟ್ಟುಕೊಳ್ಳುವಂತೆ ಬರೆದಿದ್ದಾರೆ.

ಕಳಕಪ್ಪ ಕೌಂಟರಿಗೆ ಬಂದು ನನ್ನ ಮೇಲೆ ಕೂಗಾಡಿದ. "ಎಲ್ಲಾರ ಅನ್ನಕ್ಕ ಮಣ್ಣ ಹಾಕ್ತೀರಿ!" ಅಂದ. ಬಾಗಿಲ ತನಕ ಹೋದವನು ತಿರುಗಿ ಬಂದು, "ಊರಾಗ ಮಳಿ ಆಗೇತೇನ್ರಿ?" ಎಂದು ಕೇಳಿದ. ಆಗಿದೆ ಅಂದೆ. ನನಗೇನು ಗೊತ್ತಿತ್ತು?

ಇವತ್ತು ನಿದ್ದೆ ಮಾಡು.

ನಿನ್ನ ತಾರಾ

*

ತಂತಿ
ಮುಂಬೈ, ೨೮ ಸೆಪ್ಟೆಂಬರ್

ಏಜಂಟ ಫೈಲು ವಾಪಸು ಪಡೆದ. ಕಳಕಪ್ಪನಿಗೆ ರೋಗಿಯ ಜೊತೆಗಾರನೆಂದು ಬೇರೆ ವೀಸಾ. ಕೆಲಸಕ್ಕಲ್ಲವಾದ್ದರಿಂದ ನಮ್ಮ ಆಫೀಸಿಗೆ ತಡೆಯುವ ಅಧಿಕಾರವಿಲ್ಲ. ಸೋಮವಾರ ಬೆಳಗಿನ ವಿಮಾನ. ನನ್ನ ಮಾತು ಕೇಳುತ್ತಿಲ್ಲ. ತಾರಾ

*

ಬೆಟಗೇರಿ
೨೮ ಸೆಪ್ಟೆಂಬರ್ ೧೯೮೫, ಶನಿವಾರ, ಹನ್ನೊಂದೂವರೆ

ತಾರಾ,

ಈ ಕಾಗದವನ್ನು ನಿನ್ನ ಕೈಗೆ ಕೊಟ್ಟು ಎದುರಿಗೆ ನಿಂತವಳು ಸಾವಕ್ಕ. ಜೊತೆಗಿರುವವನು ಫಕ್ರುಸಾಬ. ಅವಳು ರೈಲು ಹತ್ತುತ್ತಿರುವುದು ಇದೇ ಮೊದಲು. ಮಿರಜಿನಲ್ಲಿ ಗಾಡಿ ಬದಲಿಸಿ, ನಾಳೆ ರವಿವಾರ ಸಂಜೆಯೊಳಗೆ ನಿನ್ನ ಹಾಸ್ಟೆಲಿಗೆ ಮುಟ್ಟುತ್ತಾರೆ. ಮೊದಲು ಅವರಿಗೆ ನೀರು ಕೊಡು. ಅವಳು ಕೇಳುವುದಿಲ್ಲ, ನೀನೇ ಕೊಡಬೇಕು.

ತಂತಿ ಬಂದಾಗ ಅವಳು ಗೋಪಾಲನಿಗೆ ಎರೆಯುತ್ತಿದ್ದಳು. ಓದಿ ಹೇಳಿದೆ, ಪ್ರತಿ ಶಬ್ದ. ಕೈ ಒರೆಸಿಕೊಂಡು ಎದ್ದಳು. "ನಾ ಹೊಕ್ಕೇನ್ರಿ" ಅಂದಳು. ಅತ್ತೆ ಅವಳನ್ನು ತಡೆಯುತ್ತಾರೆ ಎಂದುಕೊಂಡಿದ್ದೆ. ಅವರು ಒಳಗೆ ಹೋಗಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದರು. "ನಿನ್ನ ಮಗಳ ಚಿಂತಿ ಮಾಡಬ್ಯಾಡವಾ, ಆಕಿ ನನ್ನ ಹತ್ತಿರ ಮಲಗತಾಳ" ಅಂದರು.

ಹೊರಡುವ ಮೊದಲು ಸಾವಕ್ಕ ಒಂದು ಮಾತು ಅಂದಳು. "ನಾ ಹೇಳಿದ್ರ ಆಂವ ಕೇಳೂದಿಲ್ಲರಿ. ನಿನಗೇನ ತಿಳೀತೈತಿ ಅಂತಾನ. ಆದ್ರ ಕೈ ಹಿಡದ ಜಗ್ಗಿದ್ರ ಬರ್ತಾನ. ಎಲ್ಲೀತನಕ ಜಗ್ಗಲಿ, ಅದನ್ನ ಹೇಳ್ರಿ."

ಫೋನಿನ ತನಕ ಅಂದೆ.

ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಕೆಲಸವೆಲ್ಲ ಮುಗಿಯಿತು ತಾರಾ. ನಿನ್ನ ಸಾಹೇಬರು ಮಾಡುವುದನ್ನು ಮಾಡಿದರು, ನೀನು ಅದಕ್ಕಿಂತ ಹೆಚ್ಚು ಮಾಡಿದೆ. ಇನ್ನು ಅವನು ನಂಬುವುದು ನನ್ನ ಧ್ವನಿಯನ್ನು ಮಾತ್ರ. ನಾನು ಬರೆದದ್ದನ್ನು ಬೇರೆಯವರು ಬೇರೆ ರೀತಿ ಓದಿಯಾರು. ನನ್ನ ಬಾಯಿಂದ ಬಂದದ್ದನ್ನು ಯಾರೂ ತಿದ್ದಲಾರರು. ಕೂಸು ಹಾಲು ಕುಡಿಯುವುದು ಬಿಟ್ಟಿದ್ದರೆ ನಾನೇ ಅವರ ಜೊತೆ ಹೊರಟುಬಿಡುತ್ತಿದ್ದೆ.

ನಾಳೆ ರಜೆ, ನಿನ್ನ ಆಫೀಸಿಗೆ ನಾನು ಫೋನ್ ಮಾಡಲಾರೆ. ನಿನ್ನ ಹಾಸ್ಟೆಲಿಗೆ ಫೋನಿಲ್ಲ. ನೀನೇ ಮಾಡಬೇಕು. ಮುಂಬೈಯ ದೊಡ್ಡ ತಂತಿ ಕಚೇರಿಯಲ್ಲಿ ರಾತ್ರಿಯೆಲ್ಲ ಟ್ರಂಕ್ ಕಾಲ್ ಸಿಗುತ್ತದೆಂದು ನಮ್ಮ ಓಣಿಯ ವಾಸುದೇವ ವಕೀಲರು ಹೇಳಿದರು. ಅವರ ಮನೆಯಲ್ಲಿ ಫೋನಿದೆ. ಗದಗ, ನಾಲ್ಕು ಏಳು ಎರಡು. ನಾಳೆ ಮಧ್ಯಾಹ್ನ ಊಟವಾದ ಕೂಡಲೆ ಹೋಗಿ ಆ ಫೋನಿನ ಪಕ್ಕ ಕೂರುತ್ತೇನೆ. ಇವರು ಇವತ್ತು ಸಂಜೆ ಬರುತ್ತಾರೆ, ನಾಳೆ ಜೊತೆಗಿರುತ್ತಾರೆ, ಸೋಮವಾರ ರಜೆ ಹಾಕಿ ಬನ್ನಿ ಎಂದು ಶಿರಹಟ್ಟಿಗೆ ಹೇಳಿ ಕಳಿಸಿದ್ದೇನೆ. ಗೋಪಾಲ ನನ್ನ ಮಡಿಲಲ್ಲಿರುತ್ತಾನೆ. ಅತ್ತರೆ ಅಳಲಿ, ಫೋನಿನಲ್ಲಿ ಅದೂ ಕೇಳಲಿ. ನಾನೇ ಮಾತಾಡುತ್ತಿದ್ದೇನೆಂದು ಅವನಿಗೆ ಖಾತ್ರಿಯಾದೀತು.

ಅವನು ಏನು ಕೇಳುತ್ತಾನೆಂದು ಗೊತ್ತು. "ನೀವ ಓದಿ ಹೇಳಿದ್ರಲ್ಲರೀ ಅಕ್ಕಾರ" ಅನ್ನುತ್ತಾನೆ. ಅದಕ್ಕೆ ಬೇರೆ ಯಾರೂ ಉತ್ತರ ಕೊಡಲಾರರು. ಇಲ್ಲೋ, ನಾ ಓದಲಿಲ್ಲ, ಮುಗೀತು ಅಂತ ಸುಳ್ಳು ಹೇಳಿದೆ, ಎಂದು ನಾನೇ ಅನ್ನಬೇಕು. ಆಮೇಲೆ ಎರಡನೆಯ ಹಾಳೆ, ಮೂರನೆಯ ಹಾಳೆ ಕನ್ನಡದಲ್ಲಿ ನಿಧಾನವಾಗಿ ಓದಿ ಹೇಳುತ್ತೇನೆ. ನಿನ್ನೆಯಿಂದಲ್ಲ, ಜುಲೈಯಿಂದಲೇ ಅವು ಬಾಯಿಪಾಠವಾಗಿವೆ. ಮೂರು ನಿಮಿಷದ ಕಾಲ್ ಸಾಕು. ಕೇಳಿಸಿಕೊಂಡ ಮೇಲೂ ಹೋಗುತ್ತೇನೆ ಅಂದರೆ ಹೋಗಲಿ ತಾರಾ, ಮೈ ಅವನದು. ಆದರೆ ತಿಳಿದು ಹೋಗಲಿ.

ಜಟಕಾ ಬಂದಿದೆ, ಫಕ್ರುಸಾಬ ಅವಸರ ಮಾಡುತ್ತಿದ್ದಾನೆ. ಇನ್ನೂ ಏನೇನೋ ಬರೆಯಬೇಕಿತ್ತು, ನಿನಗೆ, ಬೇರೆಯದು. ಅದಕ್ಕೆ ಬೇರೆ ದಿನವಿರಲಿ.

ಮೊದಲ ಸಲ ಲೈನ್ ಸಿಗದಿದ್ದರೆ ಮತ್ತೆ ಹಚ್ಚು. ಅರ್ಜೆಂಟ್ ಅನ್ನು, ಯಾರದೋ ಜೀವಕ್ಕೆ ಬಂದಿದೆ ಅನ್ನು, ಸುಳ್ಳಲ್ಲ. ಸರಿಯಾಗಿ ಕೇಳದಿದ್ದರೆ ಕೂಗಿ ಮಾತಾಡುತ್ತೇನೆ, ಇಡೀ ಓಣಿ ಎದ್ದರೆ ಏಳಲಿ. ಎಷ್ಟು ಹೊತ್ತಾದರೂ ನಾನು ಎಚ್ಚರವಾಗಿಯೇ ಇರುತ್ತೇನೆ, ನಿನಗೆ ಗೊತ್ತಲ್ಲ. ಅವನನ್ನು ಕರೆದುಕೊಂಡು ಹೋಗಿ ಫೋನ್ ಮಾಡು. ಬೆಳಗಾಗುವುದರೊಳಗೆ ಮಾಡು. ನಿನಗೆ ಕೈ ಮುಗಿಯುತ್ತೇನೆ, ಬೆಳಗಾಗುವುದರೊಳಗೆ.

ಕಮಲಾ